ಈಚೆಗೆ ಯಾವ ಸಿನಿಮಾ ನೋಡಿದಿರಿ? ಕಾಸರಗೋಡಿನವರು ಹೇಳಿ

ಕುಂಬಳೆ ಕಡಲು

ಹೋದ ಭಾನುವಾರ ಅಮ್ಮನ ಜೊತೆ ಮನೆಯಲ್ಲಿ ‘ಸು ಫ್ರಮ್ ಸೋ’ ನೋಡಿದೆ. ನನಗೆ ಇದು ಮೂರನೇ ಸಲ. ಮೊದಲ ಸಲ ಮಂಗಳೂರಿನಲ್ಲಿ, ಕನ್ನಡದಲ್ಲಿ. ಎರಡನೇ ಸಲ ಇಲ್ಲೇ, ಮಲಯಾಳಂನಲ್ಲಿ, ಆಫೀಸಿನ ಗೆಳತಿಯ ಜೊತೆ. ಅವಳು ನೀಲೇಶ್ವರದವಳು, ಕನ್ನಡ ಬರುವುದಿಲ್ಲ. 2025ರ ಜುಲೈ 25ಕ್ಕೆ ಕನ್ನಡದಲ್ಲಿ ಬಂತು, ಒಂದೇ ವಾರದಲ್ಲಿ ಮಲಯಾಳಂ ಡಬ್ಬಿಂಗ್ ಕೂಡ ಬಂತು. ನಾವು ಹೋದ ದಿನ ಆ ಥಿಯೇಟರಿನಲ್ಲಿ ಮಲಯಾಳಂ ಶೋ ಮಾತ್ರ ಇತ್ತು.

ಅಮ್ಮ ಅಡಿಕೆ ಸುಲಿಯುತ್ತಾ ಕೂತಿದ್ದರು. ಅರ್ಧ ಕಣ್ಣು ಟಿವಿ ಮೇಲೆ, ಅರ್ಧ ಅಡಿಕೆ ಮೇಲೆ. ಊರಿನವರೆಲ್ಲ ಒಂದು ಕಡೆ ಸೇರಿ, ಅಶೋಕನ ಮೈಮೇಲೆ ಏನೋ ಬಂದಿದೆ ಅಂತ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರಲ್ಲ, ಅಲ್ಲಿ ಅವರ ಕೈ ನಿಂತಿತು. ಸುಲಿದ ಅಡಿಕೆ ಒಂದು ಕೈಯಲ್ಲಿ, ಸಿಪ್ಪೆ ಇನ್ನೊಂದು ಕೈಯಲ್ಲಿ. “ಇವರು ನಮ್ಮ ಹಾಗೆಯೇ ಮಾತಾಡ್ತಾರಲ್ಲ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಅದನ್ನು ಇನ್ನೊಮ್ಮೆ ಹಾಕು” ಅಂದರು. ನಾನು ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಸಿನಿಮಾ ಮುಗಿಯುವವರೆಗೂ ಅಡಿಕೆ ಮುಟ್ಟಲೇ ಇಲ್ಲ.

ಅಮ್ಮನಿಗೆ ಈಗ ಅರುವತ್ತೆಂಟು. ಅವರ ಕಾಲದ ಕನ್ನಡ ಸಿನಿಮಾದಲ್ಲಿ ನಮ್ಮ ಕಡೆಯ ಕನ್ನಡ ಬಂದರೆ ಅದು ನಗಿಸುವುದಕ್ಕೆ ಮಾತ್ರ ಬರುತ್ತಿತ್ತು. ಹೋಟೆಲಿನ ಮಾಣಿಯೋ ಭಟ್ಟರೋ ಬಂದು “ಎಂತ ಮಾರಾಯ” ಅಂತ ಎರಡು ಸಲ ಹೇಳಿ ಹೋಗಬೇಕು. ನಾಯಕ ಮಾತ್ರ ಬೆಂಗಳೂರು, ಮೈಸೂರಿನ ಕನ್ನಡ ಮಾತಾಡುತ್ತಾನೆ. ಅದು ನಮಗೆ ಅಭ್ಯಾಸವಾಗಿ ಹೋಗಿತ್ತು. 2014ರ ‘ಉಳಿದವರು ಕಂಡಂತೆ’, 2017ರ ‘ಒಂದು ಮೊಟ್ಟೆಯ ಕಥೆ’ ಬಂದ ಮೇಲೆ ಅದು ಬದಲಾಯಿತು ಅಂತ ನನಗೆ ಅನ್ನಿಸುತ್ತದೆ. ನಮ್ಮ ಮಾತಿನಲ್ಲೇ ಸಿಟ್ಟು ಮಾಡಬಹುದು, ಅಳಬಹುದು, ಪ್ರೀತಿ ಹೇಳಬಹುದು ಅಂತ ಆಯಿತು.

ಮಲಯಾಳಂ ಡಬ್ಬಿಂಗ್ ಕೆಟ್ಟದಾಗಿತ್ತು ಅಂತ ನಾನು ಹೇಳುವುದಿಲ್ಲ. ಥಿಯೇಟರಿನಲ್ಲಿ ಎಲ್ಲರೂ ಚೆನ್ನಾಗಿ ನಕ್ಕರು, ನನ್ನ ಗೆಳತಿಯೂ ನಕ್ಕಳು. ಆದರೆ ಅವರು ಯಾವ ಊರಿನವರು ಅಂತ ಮಾತಿನಲ್ಲಿ ಗೊತ್ತಾಗಲಿಲ್ಲ. ಸಿನಿಮಾ ಬರೆದು ನಿರ್ದೇಶನ ಮಾಡಿ, ಅಶೋಕನಾಗಿ ನಟಿಸಿದವರು ಜೆ.ಪಿ. ತೂಮಿನಾಡು. ತೂಮಿನಾಡು ಎಲ್ಲಿ? ತಲಪಾಡಿ ದಾಟಿ ಈಚೆ ಬಂದರೆ, ನಮ್ಮ ಮಂಜೇಶ್ವರದ ಕಡೆ. ಮಂಗಳೂರಿಗೆ ಹೋಗುವಾಗ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಾಣುವ ಜಾಗ. ಕಾಸರಗೋಡು ಜಿಲ್ಲೆಯವರು ಕನ್ನಡದಲ್ಲಿ ಮಾಡಿದ ಸಿನಿಮಾವನ್ನು ಕಾಸರಗೋಡಿನಲ್ಲಿ ಮಲಯಾಳಂನಲ್ಲಿ ನೋಡುತ್ತಾ ಕೂತಿದ್ದೇನೆ ಅಂತ ಇಂಟರ್ವಲ್‌ನಲ್ಲಿ ನೆನಪಾಗಿ ನನಗೆ ನಿಜವಾಗಿ ಬೇಸರ ಆಯಿತು.

ಹಾಗಾಗಿ ಈ ಚರ್ಚೆ ಶುರು ಮಾಡಿದ್ದೇನೆ. ನೀವು ಈಚೆಗೆ ನೋಡಿದ ಸಿನಿಮಾ ಯಾವುದು? ಅದರ ಮಂದಿ ಮಾತಾಡುವುದು ನಿಮಗೆ ಸರಿ ಅನ್ನಿಸಿತಾ? ಕನ್ನಡ, ತುಳು, ಮಲಯಾಳಂ ಯಾವುದಾದರೂ ಆಗಬಹುದು. ನಾನು ಈಗ ಸಿನಿಮಾ ಅಳೆಯುವುದೇ ಹೀಗೆ. ಕಥೆ ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ, ಮಾತು ಸುಳ್ಳಾದರೆ ನನಗೆ ಕೂರಲಿಕ್ಕೆ ಆಗುವುದಿಲ್ಲ.

ಬದಿಯಡ್ಕದವ

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಮಾತೊಂದರಿಂದಲೇ ಸಿನಿಮಾ ಅಳೆದರೆ ಅನ್ಯಾಯ ಆಗುತ್ತದೆ ಅಂತ ನನ್ನ ಅಭಿಪ್ರಾಯ. ‘ಕಾಂತಾರ’ ತೆಗೆದುಕೊಳ್ಳಿ. 2022ರಲ್ಲಿ ನಾನು ಅದನ್ನು ನೋಡಿ ಹೊರಗೆ ಬಂದಾಗ ಮಾತು ನೆನಪಿರಲಿಲ್ಲ. ಕೊನೆಯ ಇಪ್ಪತ್ತು ನಿಮಿಷ ಮಾತ್ರ ತಲೆಯಲ್ಲಿತ್ತು. ಗುಳಿಗ ದೈವದ ಆ ಕೂಗಿಗೆ ನನ್ನ ಕೈ ತಾನಾಗಿ ಮುಗಿದುಕೊಂಡಿತು. ಚಿಕ್ಕಂದಿನಿಂದ ದೈವದ ಕೋಲ ನಡೆಯುವ ಅಂಗಳದಲ್ಲಿ ನಿಂತವನಿಗೆ ಅದು ಬರೀ ಸಿನಿಮಾ ಅಲ್ಲ.

‘ಕಾಂತಾರ ಅಧ್ಯಾಯ 1’ 2025ರ ಅಕ್ಟೋಬರ್ 2ಕ್ಕೆ ಬಂತಲ್ಲ, ಅದನ್ನು ಮೊದಲ ವಾರವೇ ನೋಡಿದೆ. ದೊಡ್ಡ ಸಿನಿಮಾ. ಕದಂಬರ ಕಾಲ, ಅರಮನೆ, ಕಾಡು, ಯುದ್ಧ, ಎಲ್ಲ ಕಣ್ಣು ತುಂಬುವ ಹಾಗಿದೆ. ಜಯರಾಮ್ ರಾಜನಾಗಿ ಬಂದಾಗ ನನ್ನ ಪಕ್ಕದಲ್ಲಿದ್ದ ಮಲಯಾಳಿ ಕುಟುಂಬ ಚಪ್ಪಾಳೆ ಹೊಡೆಯಿತು, ನನಗೂ ಖುಷಿ ಆಯಿತು. ಆದರೆ ಮೊದಲನೆಯದರಲ್ಲಿ ಒಂದು ಊರು ಇತ್ತು. ಕಂಬಳ ಇತ್ತು, ಜಗಳ ಇತ್ತು, ಮಗನಿಗೆ ಬೈಯುವ ತಾಯಿ ಇದ್ದಳು. ಎರಡನೆಯದರಲ್ಲಿ ಎಲ್ಲ ದೊಡ್ಡದಾಯಿತು, ಆ ತಾಯಿಯಂಥವರಿಗೆ ಜಾಗ ಕಮ್ಮಿ ಆಯಿತು.

ಇನ್ನೊಂದು ಹೇಳಬೇಕು. ಬಿಡುಗಡೆಯಾದ ಮೇಲೆ ಕೆಲವರು ಥಿಯೇಟರಿನಲ್ಲಿ ದೈವದ ವೇಷ ಹಾಕಿ ಕುಣಿದು ವಿಡಿಯೋ ಮಾಡಿದರು. ಹಾಗೆ ಮಾಡಬೇಡಿ ಅಂತ ಸಿನಿಮಾ ಮಾಡಿದ ಹೊಂಬಾಳೆಯವರೇ ಕೇಳಿಕೊಳ್ಳಬೇಕಾಯಿತು. ಕೋಲ ಕಟ್ಟುವವರು ಎಷ್ಟು ದಿನ ವ್ರತ ಹಿಡಿಯುತ್ತಾರೆ, ಮೈಗೆ ಎಷ್ಟು ಕಷ್ಟ ಕೊಡುತ್ತಾರೆ ಅಂತ ನೋಡಿದ ನಮಗೆ ಅದು ತುಂಬಾ ನೋವಾಗುವ ವಿಷಯ. ತಪ್ಪು ಸಿನಿಮಾದ್ದು ಅಲ್ಲ. ಆದರೂ ನೋವು ನೋವೇ.

ಪಯಸ್ವಿನಿ

ನಾನು ಮಲಯಾಳಂ ಸಿನಿಮಾದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನಗೆ ನೋಡಲಿಕ್ಕೆ ಸಿಗುವುದು ಅದೇ ಜಾಸ್ತಿ. ಹೋದ ತಿಂಗಳು ‘ನ್ನಾ ತಾನ್ ಕೇಸ್ ಕೊಡ್’ ಮತ್ತೆ ನೋಡಿದೆ. 2022ರದ್ದು. ಕಳ್ಳತನ ಬಿಟ್ಟ ಒಬ್ಬನಿಗೆ ಎಂಎಲ್‌ಎ ಮನೆಯ ನಾಯಿ ಕಚ್ಚುತ್ತದೆ. ರಸ್ತೆಯ ಗುಂಡಿ ತಪ್ಪಿಸಲು ಬಂದ ಆಟೋದಿಂದ ಪಾರಾಗಲು ಗೋಡೆ ಹಾರಿದ್ದು ಅವನು. ಗುಂಡಿಗೆ ಯಾರು ಕಾರಣ ಅಂತ ಕೇಳುತ್ತಾ ಕೇಳುತ್ತಾ ಮಂತ್ರಿಯ ಮೇಲೆಯೇ ಕೇಸು ಹಾಕುತ್ತಾನೆ. ಕೇಸು ಎಷ್ಟು ಕಾಲ ಎಳೆಯಿತು ಅಂತ ತೋರಿಸಲು ಪೆಟ್ರೋಲಿನ ದರ ತೋರಿಸುತ್ತಾ ಹೋಗುತ್ತಾರೆ. ಎಷ್ಟು ಸರಳ ಉಪಾಯ ನೋಡಿ, ಪ್ರತಿ ಸಲ ದರ ಏರಿದಾಗ ನಮಗೆ ಒಂದು ಕಾಲ ನೆನಪಾಗುತ್ತದೆ.

ಮಾತಿನ ವಿಷಯ ಕೇಳಿದಿರಲ್ಲ. ಕುಂಚಾಕೋ ಬೋಬನ್ ಆಲಪ್ಪುಳದವರು, ಆದರೆ ಇಲ್ಲಿ ಕಾಸರಗೋಡಿನ ದಕ್ಷಿಣದ ಮಲಯಾಳಂ ಕಲಿತು ಮಾತಾಡಿದ್ದಾರೆ. ಮ್ಯಾಜಿಸ್ಟ್ರೇಟ್ ಪಾತ್ರ ಮಾಡಿದ ಪಿ.ಪಿ. ಕುಞಿಕೃಷ್ಣನ್ ನಮ್ಮ ಜಿಲ್ಲೆಯವರೇ, ಮೇಷ್ಟ್ರಾಗಿದ್ದವರು. ಅವರು ಆ ಕುರ್ಚಿಯಲ್ಲಿ ಕೂತು ವಕೀಲರನ್ನು ನೋಡುವ ನೋಟ ಇದೆಯಲ್ಲ, ತರಗತಿಯಲ್ಲಿ ಸುಳ್ಳು ಹೇಳುವ ಹುಡುಗನನ್ನು ಮೇಷ್ಟ್ರು ನೋಡುವ ನೋಟ ಅದು. ಅದಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ‘ತಿಂಗಳಾಳ್ಚ ನಿಶ್ಚಯಂ’ ಕೂಡ ಹಾಗೆಯೇ. ಕಾಞಂಗಾಡಿನ ಒಂದು ಮನೆ, ಮದುವೆ ನಿಶ್ಚಯದ ಹಿಂದಿನ ಎರಡು ದಿನ, ಅಷ್ಟೇ. ಅದನ್ನು ಮಾಡಿದ ಸೆನ್ನಾ ಹೆಗ್ಡೆ 2018ರಲ್ಲಿ ಕನ್ನಡದಲ್ಲಿ ‘ಕಥೆಯೊಂದು ಶುರುವಾಗಿದೆ’ ಮಾಡಿದ್ದರು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಎರಡು ಕಡೆಯೂ ಕಾಲಿಡುವುದು ಸಹಜ ಅಲ್ವಾ?

ಆದರೆ ನನ್ನದೊಂದು ದೂರು ಇದೆ. ಚಂದ್ರಗಿರಿ ಹೊಳೆಯ ಆ ಕಡೆಯ, ಅಂದರೆ ದಕ್ಷಿಣದ, ಕಾಸರಗೋಡು ಸಿನಿಮಾದಲ್ಲಿ ಬಂತು. ಈ ಕಡೆಯದ್ದು ಬರಲಿಲ್ಲ. 2017ರ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ ನನಗೆ ಬಹಳ ಇಷ್ಟದ ಸಿನಿಮಾ. ಬಸ್ಸಿನಲ್ಲಿ ತಾಳಿ ಸರ ಕದ್ದು ನುಂಗಿದ ಕಳ್ಳ, ಅವನ ಮುಂದೆ ಏನು ಮಾಡಬೇಕು ಅಂತ ತಿಳಿಯದ ಪೊಲೀಸರು. ಆ ಪೊಲೀಸರಲ್ಲಿ ಹಲವರು ನಿಜವಾದ ಪೊಲೀಸರೇ. ಫಹದ್ ಫಾಸಿಲ್‌ಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಎಲ್ಲ ಸರಿ. ಸಿನಿಮಾದ ಠಾಣೆಗೆ ಶೇಣಿ ಅಂತ ಹೆಸರು. ಶೇಣಿ ಅಂದ ಕೂಡಲೇ ನಿಮಗೆ ಯಾರು ನೆನಪಾಗುತ್ತಾರೆ? ಶೇಣಿ ಗೋಪಾಲಕೃಷ್ಣ ಭಟ್ಟರು, ಅವರ ಯಕ್ಷಗಾನ ತಾಳಮದ್ದಳೆ. ಅಂಥ ಹೆಸರಿನ ಠಾಣೆಯಲ್ಲಿ ನನ್ನ ಕಿವಿಗೆ ಬೀಳಬೇಕಾದಷ್ಟು ಕನ್ನಡ, ತುಳು ಬೀಳಲಿಲ್ಲ. ಸರ ಕಳೆದುಕೊಂಡ, ದಕ್ಷಿಣದಿಂದ ಓಡಿ ಬಂದ ಗಂಡ ಹೆಂಡತಿಗೆ ನಮ್ಮ ಊರು ಒಣಗಿದ, ದೂರದ ಜಾಗ. ಅವರ ಕಣ್ಣಿಗೆ ಹಾಗೆ ಕಾಣುವುದು ತಪ್ಪಲ್ಲ. ಆದರೆ ಇಲ್ಲಿ ಮೊದಲೇ ಬದುಕುತ್ತಿದ್ದವರು ಎಲ್ಲಿ?

ಉಪ್ಪಳ ಗೇಟ್

ಪಯಸ್ವಿನಿ ಅವರೇ, ಇದು ನಾನು ಹೇಳಬೇಕೆಂದಿದ್ದ ಮಾತು. ನಮ್ಮ ಉಪ್ಪಳ ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕನ್ನಡ, ತುಳು, ಮಲಯಾಳಂ, ಬ್ಯಾರಿ, ಉರ್ದು ಎಲ್ಲ ಕೇಳಿಸುತ್ತದೆ. ಒಬ್ಬನೇ ಮನುಷ್ಯ ಮೀನಿನವನ ಹತ್ತಿರ ಒಂದು ಭಾಷೆ, ಬಸ್ಸಿನವನ ಹತ್ತಿರ ಇನ್ನೊಂದು, ಮನೆಗೆ ಫೋನ್ ಮಾಡುವಾಗ ಮತ್ತೊಂದು ಮಾತಾಡುತ್ತಾನೆ. ಸಪ್ತಭಾಷಾ ಸಂಗಮ ಅಂತ ಭಾಷಣದಲ್ಲಿ ಹೇಳುತ್ತಾರೆ. ಆದರೆ ಇದನ್ನು ಹಾಗೆಯೇ ತೋರಿಸಿದ ಒಂದು ಸಿನಿಮಾ ನಾನು ಇನ್ನೂ ನೋಡಿಲ್ಲ.

ಸ್ವಲ್ಪ ಹತ್ತಿರ ಬಂದದ್ದು ‘ಆವೇಶಂ’ ಅಂತ ಹೇಳುತ್ತೇನೆ. ಕಥೆ ನಡೆಯುವುದು ಬೆಂಗಳೂರಿನಲ್ಲಿ. ಫಹದ್ ಮಾಡಿದ ರಂಗ ಮಲಯಾಳಂ ಮಾತಾಡುತ್ತಾ ಮಾತಾಡುತ್ತಾ ಕನ್ನಡಕ್ಕೆ ಜಾರುತ್ತಾನೆ, ಮತ್ತೆ ವಾಪಸ್ ಬರುತ್ತಾನೆ. ನಾನು ನೋಡಿದ ಶೋದಲ್ಲಿ ಹಿಂದಿನ ಸೀಟಿನವರು “ಅವನು ಈಗ ಏನು ಹೇಳಿದ?” ಅಂತ ಪಿಸುಗುಟ್ಟುತ್ತಿದ್ದರು. ನನಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಎರಡೂ ಗೊತ್ತಿರುವುದರ ಸುಖ ಏನು ಅಂತ ಆ ದಿನ ಗೊತ್ತಾಯಿತು.

ಇನ್ನು ಈಚೆಗೆ ಓಟಿಟಿಯಲ್ಲಿ ‘ಮಿಥ್ಯ’ ನೋಡಿದೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬಯಿಯಿಂದ ಉಡುಪಿಗೆ ಬರುತ್ತಾನೆ. ಚಿಕ್ಕಮ್ಮನ ಮನೆಯಲ್ಲಿ ಹೊಂದಿಕೊಳ್ಳಬೇಕು. ಹುಡುಗ ಜಾಸ್ತಿ ಮಾತಾಡುವುದೇ ಇಲ್ಲ. ಕುಂಬಳೆ ಕಡಲು ಅವರೇ, ನಿಮ್ಮ ಲೆಕ್ಕದಲ್ಲಿ ಇದಕ್ಕೆ ಎಷ್ಟು ಅಂಕ? ಮಾತೇ ಇಲ್ಲದ ಕಡೆ ನನಗೆ ಎಲ್ಲ ಅರ್ಥವಾಯಿತು. ಸಿನಿಮಾ ನಿಧಾನ, ಅದು ನಿಜ. ನನ್ನ ಹೆಂಡತಿ ಅರ್ಧದಲ್ಲಿ ಎದ್ದು ಹೋದಳು. ನಾನು ಕೊನೆವರೆಗೂ ಕೂತೆ, ಮುಗಿದ ಮೇಲೆ ಹೋಗಿ ಮಲಗಿದ್ದ ಮಗನ ಹೊದಿಕೆ ಸರಿ ಮಾಡಿ ಬಂದೆ.

ಕುಂಬಳೆ ಕಡಲು

ಉಪ್ಪಳ ಗೇಟ್, ನಿಮ್ಮ ಮಾತು ಒಪ್ಪುತ್ತೇನೆ. ‘ಮಿಥ್ಯ’ ನಾನೂ ನೋಡಿದ್ದೇನೆ, ತುಂಬಾ ಇಷ್ಟವಾಯಿತು. ಮಾತು ಸರಿ ಇರಬೇಕು ಅಂತ ನಾನು ಹೇಳುವಾಗ ಸುಮ್ಮನಿರುವುದೂ ಅದರಲ್ಲಿ ಸೇರಿದೆ. ಒಂದು ಮನೆಯಲ್ಲಿ ಯಾರು ಯಾರ ಮುಂದೆ ಸುಮ್ಮನಿರುತ್ತಾರೆ ಅಂತ ಗೊತ್ತಿದ್ದವರು ಮಾತ್ರ ಅಂಥ ಸಿನಿಮಾ ಮಾಡಬಹುದು.

ಅದರಲ್ಲಿ ಚಿಕ್ಕಪ್ಪನ ಪಾತ್ರ ಮಾಡಿದವರು ಪ್ರಕಾಶ್ ತೂಮಿನಾಡು. ಅವರೂ ತೂಮಿನಾಡಿನವರೇ. ‘ಸು ಫ್ರಮ್ ಸೋ’ದಲ್ಲೂ ಇದ್ದಾರೆ, ‘ಕಾಂತಾರ’ದಲ್ಲಿ ರಾಂಪ, ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಸಿನಿಮಾದಲ್ಲಿ ಭುಜಂಗ. ನಗಿಸುವವರು ಅಂತಲೇ ಎಲ್ಲರಿಗೂ ಗೊತ್ತು. ‘ಮಿಥ್ಯ’ದಲ್ಲಿ ಅವರು ಹೆಂಡತಿಯ ಅಕ್ಕನ ಮಗನನ್ನು ಸಾಕುವ ಗಂಡಸು. ಸಾಲ, ಜವಾಬ್ದಾರಿ, ಹುಡುಗನ ಮೇಲೆ ಪ್ರೀತಿ, ಎಲ್ಲ ಒಂದೇ ಮುಖದಲ್ಲಿ. ನನ್ನ ದೊಡ್ಡಪ್ಪ ಹೀಗೆಯೇ ಇದ್ದರು. ಹೇಳದೆ ಮಾಡುವವರು.

ಬದಿಯಡ್ಕದವರೇ, ‘ಕಾಂತಾರ’ದ ಮಾತು ನಿಮಗೆ ನೆನಪಿಲ್ಲ ಅಂದಿರಿ. ಮಗನಿಗೆ ಬೈಯುವ ತಾಯಿ ನೆನಪಿದ್ದಾಳಲ್ಲ! ಅವಳು ನೆನಪಿರುವುದು ಅವಳ ಮಾತಿನಿಂದಲೇ ತಾನೇ?

ಮುಳ್ಳೇರಿಯ ಟೀಚರ್

ಕಾಸರಗೋಡಿನ ಕನ್ನಡ ಮತ್ತು ಸಿನಿಮಾ ಅಂದರೆ ‘ಸರ್ಕಾರಿ ಶಾಲೆ’ಯ ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಸರಿಯಾಗಿ ಮಾತಾಡಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿತವಳು, ಅಂಥದ್ದೇ ಶಾಲೆಯಲ್ಲಿ ಕಲಿಸುವವಳು. 2018ರಲ್ಲಿ ಅದು ಬಂದಾಗ ನಾವು ಹತ್ತು ಜನ ಟೀಚರ್‌ಗಳು ಒಟ್ಟಿಗೆ ಹೋಗಿ ನೋಡಿದೆವು. ಮಕ್ಕಳ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿ ಬಂದಾಗ ಶಾಲೆಯಲ್ಲಿ ಸಿಹಿ ಹಂಚಿದೆವು.

ಈ ವರ್ಷ ರಜೆಯಲ್ಲಿ ಅಣ್ಣನ ಮಕ್ಕಳ ಜೊತೆ ಮತ್ತೆ ನೋಡಿದೆ. ಕನ್ನಡ ಗೊತ್ತಿಲ್ಲದ ಮೇಷ್ಟ್ರು ಗಣಿತ ಕಲಿಸಲು ತರಗತಿಗೆ ಬರುತ್ತಾರಲ್ಲ, ಥಿಯೇಟರಿನಲ್ಲಿ ಎಲ್ಲರೂ ಅಲ್ಲಿ ನಕ್ಕಿದ್ದರು. ನನ್ನ ಪಕ್ಕದಲ್ಲಿದ್ದ ಏಳನೇ ತರಗತಿಯ ಹುಡುಗಿ ನಗಲಿಲ್ಲ. “ನಮಗೂ ಹೀಗೆಯೇ ಆಗಿತ್ತು ಅತ್ತೆ, ಭಿನ್ನರಾಶಿ ಇವತ್ತಿಗೂ ಬರುವುದಿಲ್ಲ” ಅಂದಳು. ಅವಳ ಶಾಲೆಯ ಹೆಸರು ಇಲ್ಲಿ ಬೇಡ. ಅವಳಿಗೆ ಭಿನ್ನರಾಶಿ ಬಾರದಿರುವುದು ಬುದ್ಧಿ ಇಲ್ಲದ್ದರಿಂದ ಅಲ್ಲ. ಅವಳು ಪುಸ್ತಕದಲ್ಲಿ ಅಂಶ, ಛೇದ ಅಂತ ಓದುತ್ತಾಳೆ, ಬೋರ್ಡಿನ ಮುಂದೆ ನಿಂತವರು ಬೇರೆ ಹೆಸರು ಹೇಳುತ್ತಾರೆ. ಯಾವುದು ಮೇಲಿನದ್ದು, ಯಾವುದು ಕೆಳಗಿನದ್ದು ಅಂತ ತಿಳಿಯುವಷ್ಟರಲ್ಲಿ ಪಾಠ ಮುಗಿದಿರುತ್ತದೆ. ಮರುದಿನ ನಾನು ಒಂದು ದೋಸೆ ಹುಯ್ದು ಎಂಟು ತುಂಡು ಮಾಡಿ ಅವಳಿಗೆ ಮೊದಲಿನಿಂದ ಹೇಳಿಕೊಟ್ಟೆ. ಮಧ್ಯಾಹ್ನದೊಳಗೆ ಬಂತು.

ಸಿನಿಮಾದ ಮೊದಲರ್ಧ ಮಕ್ಕಳದ್ದು, ಅದಕ್ಕೆ ನಾನು ನೂರಕ್ಕೆ ನೂರು ಕೊಡುತ್ತೇನೆ. ಆಮೇಲೆ ಅನಂತ್ ನಾಗ್ ಬರುತ್ತಾರೆ, ಅವರ ಬಗ್ಗೆ ಎರಡು ಮಾತಿಲ್ಲ. ಆದರೆ ಅಲ್ಲಿಂದ ಕಥೆ ಮೈಸೂರಿಗೆ ಹೋಗಿ ಬರುತ್ತದೆ, ಕೋರ್ಟಿಗೆ ಹೋಗುತ್ತದೆ, ದೊಡ್ಡ ಭಾಷಣ ಆಗುತ್ತದೆ. ಮಕ್ಕಳು ಹಿಂದಿನ ಬೆಂಚಿಗೆ ಹೋಗುತ್ತಾರೆ. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ ಅಂತ ಗೊತ್ತು.

ಬದಿಯಡ್ಕದವ

ಕೋಪ ಅಲ್ಲ ಟೀಚರ್, ಸಂಕಟ. ಕಾಸರಗೋಡು ಅಂತ ಹೆಸರಿಟ್ಟು ಕನ್ನಡದಲ್ಲಿ ಬಂದ ದೊಡ್ಡ ಸಿನಿಮಾ ಅದೊಂದೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹಿರಿಯರು ಹೇಳುತ್ತಾ ಬಂದದ್ದನ್ನು ಬೆಂಗಳೂರಿನ ಜನ ಮೊದಲ ಸಲ ಕೇಳಿಸಿಕೊಂಡದ್ದು ಆ ಸಿನಿಮಾದಿಂದ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ “ಕೇರಳದವರು ಇಷ್ಟು ಚೆನ್ನಾಗಿ ಕನ್ನಡ ಹೇಗೆ ಕಲಿತಿರಿ?” ಅಂತ ಕೇಳುತ್ತಿದ್ದರು. ಪ್ರತಿ ಸಲ ಮಂಜೇಶ್ವರದ ಕವಿ ಗೋವಿಂದ ಪೈಗಳಿಂದ ಶುರು ಮಾಡಿ ಹೇಳಬೇಕಿತ್ತು. ಸಿನಿಮಾ ಬಂದ ಮೇಲೆ ಆ ಪ್ರಶ್ನೆ ಕಮ್ಮಿ ಆಯಿತು. ಅದಕ್ಕೇ ಅದರ ತಪ್ಪು ಹುಡುಕಲು ಮನಸ್ಸು ಬರುವುದಿಲ್ಲ.

ಅಕ್ಕಲಕೋಟೆ ಕನ್ನಡಿಗ

ನಾನು ಕಾಸರಗೋಡಿನವನಲ್ಲ, ಸೊಲ್ಲಾಪುರ ಜಿಲ್ಲೆಯವನು. ಗಡಿಯಲ್ಲಿ ಇರುವವರ ಕಷ್ಟ ಒಂದೇ ಅಂತ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. 2016ರಲ್ಲಿ ‘ಸೈರಾಟ್’ ಬಂದಾಗ ನಮಗೆ ಹುಚ್ಚು ಹಿಡಿದಿತ್ತು. ನಾಯಕಿ ರಿಂಕು ರಾಜಗುರು ನಮ್ಮ ಜಿಲ್ಲೆಯ ಅಕಲೂಜಿನ ಹುಡುಗಿ. ಪುಣೆಯ ಮರಾಠಿ ಅಲ್ಲ, ನಮ್ಮ ಕಡೆಯ ಒರಟು ಮರಾಠಿ ಮಾತಾಡಿದಳು. ಮರುವರ್ಷ ಅದು ‘ಮನಸು ಮಲ್ಲಿಗೆ’ ಅಂತ ಕನ್ನಡಕ್ಕೆ ಬಂತು, ಅದೇ ಹುಡುಗಿ ನಾಯಕಿ. ಕನ್ನಡದಲ್ಲಿ ಬರುತ್ತದೆ ಅಂತ ಎಷ್ಟು ಖುಷಿಯಿಂದ ಕಾದಿದ್ದೆ! ನೋಡಿದರೆ ಅವಳ ಬಾಯಿಯಲ್ಲಿ ಆ ಮಣ್ಣಿನ ಮಾತಿಲ್ಲ. ಹುಡುಗಿ ಅವಳೇ, ಕಥೆ ಅದೇ, ಆದರೂ ನನಗೆ ಎದೆಗೆ ತಾಗಲಿಲ್ಲ. ಆ ಸಿನಿಮಾ ನಮ್ಮ ಗಡಿಯ ಕನ್ನಡದಲ್ಲಿ ಆಗಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಕುಂಬಳೆಯವರು ಹೇಳಿದ ಅಳತೆ ನನಗೆ ಸರಿ ಅನ್ನಿಸುತ್ತದೆ.

ಪಯಸ್ವಿನಿ

ಅಕ್ಕಲಕೋಟೆಯವರೇ, ನೀವು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಟೀಚರ್, ದೋಸೆಯ ವಿಷಯ ಓದಿ ಕಣ್ಣು ಒದ್ದೆ ಆಯಿತು. ಯಾರಾದರೂ ಅದನ್ನೇ ಸಿನಿಮಾ ಮಾಡಬೇಕು. ಕೋರ್ಟು ಬೇಡ, ಭಾಷಣ ಬೇಡ. ಒಂದು ಅಡುಗೆಮನೆ, ಒಂದು ದೋಸೆ, ಆ ಹುಡುಗಿ.

ಕುಂಬಳೆ ಕಡಲು

ನಿನ್ನೆ ಆಫೀಸಿನಲ್ಲಿ ನಡೆದದ್ದನ್ನು ಹೇಳಿ ಹೋಗುತ್ತೇನೆ. ನೀಲೇಶ್ವರದ ಗೆಳತಿಗೆ ಅಮ್ಮನ ಅಡಿಕೆಯ ಕಥೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, “ಹಾಗಾದರೆ ನಾನು ನೋಡಿದ್ದು ಬೇರೆ ಸಿನಿಮಾ” ಅಂದಳು. ನಾನು ಅಲ್ಲ ಅಂತ ಹೇಳಲು ಹೋದೆ. ಅವಳು ಕೇಳಲಿಲ್ಲ. ‘ತಿಂಗಳಾಳ್ಚ ನಿಶ್ಚಯಂ’ ಹಿಂದಿಗೆ ಡಬ್ ಆದರೆ ತನಗೆ ಹೇಗೆ ಕೇಳಿಸಬಹುದು ಅಂತ ಅವಳೇ ಹೇಳಿಕೊಂಡಳು. ಅದರಲ್ಲಿರುವುದು ಅವಳ ಅಪ್ಪ ಮಾತಾಡುವ ಮಲಯಾಳಂ ಅಂತೆ.

ಈ ಶನಿವಾರ ನಮ್ಮ ಮನೆಗೆ ಬರುತ್ತಾಳೆ. ‘ಸು ಫ್ರಮ್ ಸೋ’ ಕನ್ನಡದಲ್ಲೇ ಹಾಕಬೇಕಂತೆ, ಸಬ್‌ಟೈಟಲ್ ಬೇಡವಂತೆ. ಅಮ್ಮ ಪಕ್ಕದಲ್ಲಿ ಕೂತು ಮಲಯಾಳಂನಲ್ಲಿ ಹೇಳಿಕೊಡಬೇಕಂತೆ. ಅಮ್ಮನಿಗೆ ಹೇಳಿದೆ. ಬುಧವಾರದಿಂದಲೇ, ಸಿನಿಮಾದ ರವಿಯಣ್ಣ ಹೇಳುವುದನ್ನು ಮಲಯಾಳಂನಲ್ಲಿ ಹೇಗೆ ಹೇಳುವುದು ಅಂತ ನನ್ನನ್ನು ಕೇಳುತ್ತಿದ್ದಾರೆ.